ಓದಿದವರ ಹೆಬ್ಬೆಟ್ಟು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಜ್ಜ ಹೆಬ್ಬೆಟ್ಟಿನವನು, ತಂದೆಯವರು ಸಹಿ ಹಾಕುವಷ್ಟು ಮಾತ್ರ ಕಲಿತವರು. ಅಜ್ಜ ಒಮ್ಮೆ ಮಗಳ ಮದುವೆಗೆಂದು ಸಾಲ ತಂದಾಗ ಸಾಹುಕಾರನು ಮುಂದಿಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದನಂತೆ. ಅದರಲ್ಲಿ ಏನು ಬರೆದಿದೆಯೆಂದು ಅಜ್ಜ ಕೇಳಲಿಲ್ಲ, ಸಾಹುಕಾರ ಹೇಳಲಿಲ್ಲ. ಕೆಲವು ವರ್ಷಗಳ ಮೇಲೆ ಹಳ್ಳದ ದಂಡೆಯ ಎರಡೆಕರೆ ಎರೆಹೊಲ ತನ್ನದಲ್ಲವೆಂದು ಅವನಿಗೆ ತಿಳಿದುಬಂತು. ಈ ಸಂಗತಿಯನ್ನು ತಂದೆಯವರು ನಮಗೆ ನೂರು ಸಲವಾದರೂ ಹೇಳಿರಬೇಕು. ಹೇಳಿದಾಗಲೆಲ್ಲ ಕೊನೆಯ ಮಾತು ಒಂದೇ: “ಅದಕ್ಕ ನಿನ್ನ ಸಾಲಿಗೆ ಹಾಕೀನಿ.”

ಅಂಥ ಮನೆಯ ಓದಿದ ಮಗನಾದ ನಾನು ಕಳೆದ ಏಪ್ರಿಲ್ ತಿಂಗಳಿನಲ್ಲಿ, ಏನನ್ನೂ ವಿಚಾರಿಸದೆ, ಒಂದು ಹೆಬ್ಬೆಟ್ಟು ಒತ್ತಿದೆ. ಒತ್ತಿದುದು ಕಾಗದದ ಮೇಲಲ್ಲ, ನನ್ನ ಲ್ಯಾಪ್‌ಟಾಪಿನ ಮೇಲೆ. ಆ ಯಂತ್ರ ಹೊಸದೇನೂ ಅಲ್ಲ. ತೊಗರಿ ಮಾರಿ ಬಂದ ಹಣದಲ್ಲಿ ೧೮,೦೦೦ ರೂಪಾಯಿ ಕೊಟ್ಟು ತಂದೆಯವರು ಕೊಡಿಸಿದ ಹಳೆಯ ಯಂತ್ರ. ನನ್ನ ಅರ್ಥಶಾಸ್ತ್ರದ ಪ್ರಾಜೆಕ್ಟಿಗೂ, ಓಣಿಯ ನಾಲ್ಕಾರು ಹುಡುಗ ಹುಡುಗಿಯರ ವಿದ್ಯಾರ್ಥಿವೇತನದ ಅರ್ಜಿಗಳಿಗೂ ಅದೊಂದೇ ಆಧಾರ. ಒಂದು ಸಂಜೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಕಟಣೆ ಮೂಡಿತು. ಯಂತ್ರಕ್ಕೆ ಮುಖ್ಯವಾದ ಫರ್ಮ್‌ವೇರ್ ಅಪ್‌ಡೇಟ್ ಬಂದಿದೆ, ಇದರಿಂದ ಸ್ಥಿರತೆ ಹೆಚ್ಚುವುದು ಎಂಬುದು ಅದರ ಸಾರಾಂಶ. ಕೆಳಗೆ ಎರಡು ಗುಂಡಿಗಳಿದ್ದುವು. “ಈಗಲೇ” ಎಂಬುದೊಂದು, “ಆಮೇಲೆ” ಎಂಬುದೊಂದು. “ಬೇಡ” ಎಂಬ ಗುಂಡಿ ಇರಲಿಲ್ಲ. ಹೆಚ್ಚಿನ ವಿವರಕ್ಕೆ ಇಲ್ಲಿ ಒತ್ತಿರಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದುದನ್ನು ನಾನು ಒತ್ತಲಿಲ್ಲ. “ಈಗಲೇ” ಎಂದೆ. ಪರದೆ ಕಪ್ಪಾಯಿತು, ಫ್ಯಾನು ಹತ್ತು ನಿಮಿಷ ಬೊಬ್ಬೆ ಹೊಡೆಯಿತು, ಯಂತ್ರ ಮತ್ತೆ ಎದ್ದಿತು.

ಎದ್ದುದೇನೋ ಎದ್ದಿತು, ಆದರೆ ಮೊದಲಿನ ಯಂತ್ರವಾಗಿ ಏಳಲಿಲ್ಲ. ಬೇಸಗೆಯ ಮಧ್ಯಾಹ್ನದಲ್ಲಿ ತೊಡೆ ಸುಡುತ್ತಿದ್ದ ಅದರ ಬೆನ್ನು ಈಗ ತಣ್ಣಗಿತ್ತು. ನಾನು ಸಂತೋಷಪಟ್ಟೆ. ಸಂತೋಷ ಎರಡು ದಿನ ಉಳಿಯಿತು. ಮೂರನೆಯ ದಿನ ಸಂತೆಯ ಧಾರಣೆಯ ಪಟ್ಟಿಗಳನ್ನು ತೆರೆದು ಕೂತಾಗ ಒಂದೊಂದು ಪಟ್ಟಿಯೂ ತೆರೆಯಲು ತಿಣುಕತೊಡಗಿತು. ಪಕ್ಕದ ಮನೆಯ ಹುಡುಗಿಯ ಅರ್ಜಿ ತುಂಬಲು ಕೂತರೆ ಅರ್ಧ ತುಂಬುವಷ್ಟರಲ್ಲಿ ಅವಧಿ ಮುಗಿಯಿತೆಂದು ಮೊದಲ ಪುಟಕ್ಕೆ ಹಿಂದಿರುಗುತ್ತಿತ್ತು. ಅರ್ಜಿಯ ಕೊನೆಯ ದಿನ ರಾತ್ರಿ ಹನ್ನೊಂದರವರೆಗೆ ಅವಳೂ ಅವಳ ತಾಯಿಯೂ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಅರ್ಜಿ ಹೋಯಿತು, ನಿಜ. ಆದರೆ ಅವರ ಆ ಮುಖಗಳನ್ನು ನಾನು ಮರೆಯಲಾರೆ.

ದುರಸ್ತಿಯವನಲ್ಲಿಗೆ ಒಯ್ದೆ. ಅವನು ಧೂಳು ಊದಿ, ಪ್ರೊಸೆಸರಿನ ಮೇಲೆ ಹಚ್ಚಿದ್ದ ಒಣಗಿದ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿ ೬೦೦ ರೂಪಾಯಿ ತೆಗೆದುಕೊಂಡನು. ಕೆಲಸವೇನೋ ಪ್ರಾಮಾಣಿಕವಾದುದೇ, ಫಲ ಮಾತ್ರ ಸೊನ್ನೆ. ಆಗ ವಸತಿನಿಲಯದ ಗೆಳೆಯನೊಬ್ಬನ ನೆನಪಾಯಿತು. ಅವನ ಬಳಿಯೂ ಅದೇ ಮಾದರಿಯ ಯಂತ್ರವಿದೆ. ಅವನು ಸೋಮಾರಿ, ದಿನವೂ “ಆಮೇಲೆ” ಎಂದೇ ಒತ್ತುತ್ತ ಬಂದಿದ್ದನು. ಎರಡನ್ನೂ ಒಂದೇ ಬೆಂಚಿನ ಮೇಲಿಟ್ಟು, ಸಂತೆಯಲ್ಲಿ ತೆಗೆದಿದ್ದ ಒಂದೇ ವಿಡಿಯೋವನ್ನು ಚಿಕ್ಕದು ಮಾಡುವ ಕೆಲಸವನ್ನು ಎರಡಕ್ಕೂ ಒಪ್ಪಿಸಿದೆವು. ಅವನದು ೪ ನಿಮಿಷದಲ್ಲಿ ಮುಗಿಸಿತು, ನನ್ನದು ೯ ನಿಮಿಷ ಹಿಡಿಯಿತು. ಅವನ ಪ್ರೊಸೆಸರು ೨.೮ ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ ೨೮೦ ಕೋಟಿ ಮಿಡಿತದಂತೆ ಓಡುತ್ತಿದ್ದರೆ, ನನ್ನದು ೧೩೦ ಕೋಟಿಯ ಸುತ್ತಲೇ ಸುಳಿಯುತ್ತಿತ್ತು. ಅವನ ಯಂತ್ರದ ಬೆನ್ನು ಮುಟ್ಟುವ ಹಾಗಿರಲಿಲ್ಲ. ನನ್ನದು ಬೆಚ್ಚಗೂ ಇರಲಿಲ್ಲ.

ಇದು ಹೇಗೆ ಸಾಧ್ಯವೆಂದು ತಿಳಿಯುವ ಹಟ ಹುಟ್ಟಿತು. ಕಲಾ ವಿಭಾಗದವನಾದರೂ ಕೆಲವು ವಾರ ಇದೇ ಓದಿದೆ. ನಾನು ತಿಳಿದುಕೊಂಡಷ್ಟನ್ನು ನನ್ನಂಥ ಸಹಪಾಠಿಗಳಿಗಾಗಿ ಇಲ್ಲಿ ಹೇಳುವೆನು.

ಪ್ರೊಸೆಸರಿನಲ್ಲಿ ಓಟವೂ ಬಿಸಿಯೂ ಒಂದೇ ನೊಗದ ಎರಡು ಎತ್ತುಗಳು. ಮಿಡಿತ ಹೆಚ್ಚಿದಂತೆ ಬಿಸಿ ಹೆಚ್ಚುವುದು. ಹೆಚ್ಚು ಮಿಡಿಯಬೇಕಾದರೆ ಹೆಚ್ಚಿನ ವೋಲ್ಟೇಜು ಬೇಕು. ವೋಲ್ಟೇಜಿನಿಂದ ಬರುವ ಬಿಸಿಯೋ ಅದರ ವರ್ಗದಂತೆ ಏರುವುದು. ಅದನ್ನು ತಿರುಗಿಸಿ ಹೇಳುವುದಾದರೆ, ಮಿಡಿತವನ್ನು ಹಾಗೆಯೇ ಇಟ್ಟು ವೋಲ್ಟೇಜನ್ನು ನೂರಕ್ಕೆ ೧೦ರಷ್ಟು ಇಳಿಸಿದರೆ ಮಿಡಿತದಿಂದ ಹುಟ್ಟುವ ಬಿಸಿ ನೂರಕ್ಕೆ ೧೯ರಷ್ಟು ಇಳಿಯುವುದು. ತೆಳುವಾದ ಅನೇಕ ಲ್ಯಾಪ್‌ಟಾಪುಗಳ ಪ್ರೊಸೆಸರಿಗೆ ಹಾಕಿರುವ ಲೆಕ್ಕ ೧೫ ವ್ಯಾಟ್. ಹಳೆಯ ಕಾಲದ ೧೫ ವ್ಯಾಟಿನ ಬಲ್ಬನ್ನು ಮುಟ್ಟಿದವರಿಗೆ ಅದರ ಬಿಸಿ ಗೊತ್ತು. ಅಷ್ಟೇ ಬಿಸಿಯನ್ನು ಪ್ರೊಸೆಸರು ಬೆರಳಿನ ಉಗುರಿನಷ್ಟು ಜಾಗದಲ್ಲಿ ಹುಟ್ಟಿಸುವುದು. ಆ ಬಿಸಿಯನ್ನು ಒಂದು ತಾಮ್ರದ ಕೊಳವೆ ಹೊತ್ತು ಅಂಚಿಗೆ ತರುವುದು, ಫ್ಯಾನು ಅದನ್ನು ಹೊರಗೆ ಊದುವುದು. ಊದಿ ಸಾಲದೆ ಹೋದರೆ ಪ್ರೊಸೆಸರು ತನ್ನನ್ನು ತಾನು ಕಾಯ್ದುಕೊಳ್ಳಲು ಓಟ ತಗ್ಗಿಸುವುದು. ಅನೇಕ ಪ್ರೊಸೆಸರುಗಳಲ್ಲಿ ಈ ಗಡಿ ೧೦೦ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದೆ.

ಇಲ್ಲಿ ನಮ್ಮ ಊರಿನ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಬಿಸಿ ಹೊರಗೆ ಹರಿಯುವುದು ಒಳಗಿಗೂ ಹೊರಗಿಗೂ ಇರುವ ಅಂತರವನ್ನು ಅನುಸರಿಸಿ. ಹೊರಗೆ ೨೦ ಡಿಗ್ರಿ ಇರುವ ತಂಪು ಊರಿನಲ್ಲಿ ೧೦೦ ಡಿಗ್ರಿಯ ಗಡಿಗೆ ೮೦ ಡಿಗ್ರಿಯ ಅಂತರ. ನಮ್ಮ ಕಲಬುರಗಿ ರಾಯಚೂರುಗಳ ಕಡೆ ಏಪ್ರಿಲ್ ತಿಂಗಳಲ್ಲಿ ನೆರಳಿನಲ್ಲಿಯೇ ೪೦ ಡಿಗ್ರಿ ಇರುವಾಗ ೬೦ ಡಿಗ್ರಿಯ ಅಂತರ. ಎಂದರೆ ಅದೇ ಫ್ಯಾನು ಅದೇ ಕೊಳವೆ ಇಲ್ಲಿ ಹೊರಹಾಕಬಲ್ಲ ಬಿಸಿ ಅಲ್ಲಿಯದಕ್ಕಿಂತ ಸುಮಾರು ಕಾಲುಭಾಗ ಕಡಿಮೆ. ಮಡಿಕೇರಿಯಲ್ಲಿ ಓಡುವ ಯಂತ್ರ ರಾಯಚೂರಿನಲ್ಲಿ ಏದುಸಿರು ಬಿಟ್ಟರೆ ಅದು ಯಂತ್ರದ ತಪ್ಪಲ್ಲ.

ಇನ್ನು ಫರ್ಮ್‌ವೇರ್ ಎಂದರೇನು? ಯಂತ್ರದ ಮುಖ್ಯ ಹಲಗೆಯ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿ ನೆಲೆಸಿರುವ ಬರವಣಿಗೆ. ಗುಂಡಿ ಒತ್ತಿದೊಡನೆ ವಿಂಡೋಸಿಗೂ ಮುಂಚೆ ಏಳುವುದು ಇದೇ. ಎಷ್ಟು ಡಿಗ್ರಿಗೆ ಫ್ಯಾನು ತಿರುಗತೊಡಗಬೇಕು, ಪ್ರೊಸೆಸರು ಎಷ್ಟು ವ್ಯಾಟನ್ನು ಎಷ್ಟು ಹೊತ್ತು ತಿನ್ನಬಹುದು, ಎಲ್ಲಿಗೆ ಬಂದಾಗ ಓಟ ತಗ್ಗಿಸಬೇಕು ಎಂಬ ಪಟ್ಟಿಗಳು ಬಹುಮಟ್ಟಿಗೆ ಇಲ್ಲಿರುತ್ತವೆ. ಪಟ್ಟಿಯಲ್ಲಿ ಒಂದಂಕಿ ಬದಲಾದರೆ ಸಾಕು, ಒಂದು ಮೊಳೆಯನ್ನೂ ಕೀಳದೆ ಯಂತ್ರದ ಸ್ವಭಾವವೇ ಬದಲಾಗುವುದು. ನನ್ನ ಯಂತ್ರಕ್ಕೆ ಆದುದು ಅದೇ ಎಂದು ನಾನು ನಂಬಿದ್ದೇನೆ.

ಇದು ನನ್ನೊಬ್ಬನ ಕಲ್ಪನೆಯೆಂದು ಯಾರೂ ತಿಳಿಯದಿರಲೆಂದು ಲೋಕಪ್ರಸಿದ್ಧವಾದ ಕೆಲವು ಸಂಗತಿಗಳನ್ನು ಹೇಳುವೆನು. ೨೦೧೮ರ ಜುಲೈ ತಿಂಗಳಿನಲ್ಲಿ ಆ್ಯಪಲ್ ಸಂಸ್ಥೆಯು ಹೊಸ ಮ್ಯಾಕ್‌ಬುಕ್ ಪ್ರೊ ಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. ಅವುಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದರಲ್ಲಿ ಇಂಟೆಲ್ಲಿನ ಐ೯ ಪ್ರೊಸೆಸರು ಇತ್ತು. ಯಂತ್ರಗಳ ವಿಮರ್ಶಕರಾದ ಡೇವ್ ಲೀ ಎಂಬವರು ಅದನ್ನು ಪರೀಕ್ಷಿಸಿದರು. ಹಿಂದಿನ ವರ್ಷದ ಯಂತ್ರ ಸುಮಾರು ೩೫ ನಿಮಿಷದಲ್ಲಿ ಮುಗಿಸಿದ ವಿಡಿಯೋ ಕೆಲಸಕ್ಕೆ ಹೊಸ ಯಂತ್ರ ೩೯ ನಿಮಿಷ ತೆಗೆದುಕೊಂಡಿತು. ಅದೇ ಯಂತ್ರವನ್ನು ಫ್ರೀಜರಿನೊಳಗೆ ಇಟ್ಟಾಗ ಕೆಲಸ ೨೭ ನಿಮಿಷದಲ್ಲಿ ಮುಗಿಯಿತು. ಎಂದರೆ ಪ್ರೊಸೆಸರಿಗೆ ಶಕ್ತಿಯಿತ್ತು, ಬಿಸಿಯ ಆಡಳಿತದಲ್ಲಿ ಲೋಪವಿತ್ತು. ಮಾರಾಟಕ್ಕೆ ಬಂದು ಎರಡು ವಾರ ತುಂಬುವ ಮೊದಲೇ, ಜುಲೈ ೨೪ರಂದು, ಸಂಸ್ಥೆಯು ತಪ್ಪನ್ನು ಒಪ್ಪಿಕೊಂಡಿತು. ಫರ್ಮ್‌ವೇರಿನಲ್ಲಿ ಇರಬೇಕಾಗಿದ್ದ ಒಂದು ಡಿಜಿಟಲ್ ಕೀಲಿ ಬಿಟ್ಟುಹೋಗಿದ್ದರಿಂದ ಹೀಗಾಯಿತೆಂದು ಹೇಳಿ, ಕ್ಷಮೆ ಕೇಳಿ, ತಿದ್ದುಪಡಿಯನ್ನು ಕಳುಹಿಸಿತು. ಓಟ ತಗ್ಗಿಸಿದುದೂ ಬರವಣಿಗೆಯೇ, ಓಟ ಮರಳಿಸಿದುದೂ ಬರವಣಿಗೆಯೇ.

ಎರಡನೆಯದು ೨೦೧೯ರ ಡಿಸೆಂಬರಿನ ಸಂಗತಿ. ಪ್ರೊಸೆಸರಿನ ವೋಲ್ಟೇಜನ್ನು ಸ್ವಲ್ಪ ಇಳಿಸಿ ಬಿಸಿ ತಗ್ಗಿಸಿಕೊಳ್ಳುವ ಉಪಾಯವೊಂದನ್ನು ಬಲ್ಲವರು ಬಹುಕಾಲದಿಂದ ಬಳಸುತ್ತಿದ್ದರು. ಬರ್ಮಿಂಗ್‌ಹ್ಯಾಮ್, ಲ್ಯೂವೆನ್ ಮತ್ತು ಗ್ರಾಟ್ಸ್ ನಗರಗಳ ವಿಶ್ವವಿದ್ಯಾಲಯಗಳ ಸಂಶೋಧಕರು ಅದೇ ದಾರಿಯಲ್ಲಿ ಒಂದು ಅಪಾಯವನ್ನು ಕಂಡುಹಿಡಿದರು. ವೋಲ್ಟೇಜನ್ನು ಬೇಕೆಂದೇ ಕುಗ್ಗಿಸಿ ಪ್ರೊಸೆಸರು ತಪ್ಪು ಲೆಕ್ಕ ಮಾಡುವಂತೆ ಮಾಡಿ, ಅದರ ಭದ್ರವಾದ ಕೋಣೆಯಲ್ಲಿದ್ದ ಗುಟ್ಟನ್ನು ಹೊರಗೆಳೆಯಬಹುದೆಂದು ತೋರಿಸಿದರು. ಇದಕ್ಕೆ ಪ್ಲಂಡರ್‌ವೋಲ್ಟ್ ಎಂಬ ಹೆಸರಾಯಿತು. ಪರಿಹಾರವಾಗಿ ಫರ್ಮ್‌ವೇರ್ ಅಪ್‌ಡೇಟುಗಳು ಬಂದುವು. ಅನೇಕ ಲ್ಯಾಪ್‌ಟಾಪುಗಳಲ್ಲಿ ವೋಲ್ಟೇಜು ಇಳಿಸುವ ಬಾಗಿಲಿಗೆ ಬೀಗ ಬಿದ್ದಿತು. ಕಳ್ಳರಿಂದ ರಕ್ಷಣೆ ದೊರಕಿತು; ಆದರೆ ಆ ಉಪಾಯದಿಂದ ಯಂತ್ರವನ್ನು ತಣ್ಣಗಿಟ್ಟುಕೊಂಡಿದ್ದವರ ಯಂತ್ರಗಳು ಮತ್ತೆ ಬಿಸಿಯೇರಿದುವು.

ಮೂರನೆಯದು ಮೊಬೈಲಿನ ಸಂಗತಿಯಾದರೂ ನನ್ನ ವಾದಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಬ್ಯಾಟರಿ ಹಳತಾದ ಐಫೋನುಗಳು ತಟಕ್ಕನೆ ಆರಿಹೋಗದಿರಲೆಂದು ಆ್ಯಪಲ್ ಸಂಸ್ಥೆಯು ೨೦೧೭ರಲ್ಲಿ ಒಂದು ಅಪ್‌ಡೇಟಿನ ಮೂಲಕ ಅವುಗಳ ಓಟವನ್ನು ತಗ್ಗಿಸಿತ್ತು. ಜನ ಸಂದೇಹಪಟ್ಟ ಮೇಲೆ ಡಿಸೆಂಬರಿನಲ್ಲಿ ಸಂಗತಿಯನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ೨೦೨೦ರ ಫೆಬ್ರವರಿಯಲ್ಲಿ ಫ್ರಾನ್ಸಿನ ಗ್ರಾಹಕ ಸಂರಕ್ಷಣಾ ಇಲಾಖೆಯು ಈ ಕಾರಣಕ್ಕಾಗಿ ಎರಡೂವರೆ ಕೋಟಿ ಯೂರೋ ದಂಡವನ್ನು ಪ್ರಕಟಿಸಿತು. ಅಲ್ಲಿ ತಪ್ಪೆಂದು ಹಿಡಿದುದು ಯಾವುದೆಂಬುದನ್ನು ಓದುಗರು ಗಮನಿಸಬೇಕು. ಅಪ್‌ಡೇಟಿನಿಂದ ಫೋನು ನಿಧಾನವಾಗಬಹುದೆಂಬುದನ್ನು ಕೊಂಡವರಿಗೆ ತಿಳಿಸದೆ ಹೋದುದೇ ಆ ತಪ್ಪು.

ಈ ವಿಚಾರವನ್ನು ನಾನು ಗಣಕ ವಿಜ್ಞಾನದ ಅಧ್ಯಾಪಕರೊಬ್ಬರ ಮುಂದೆ ಇಟ್ಟೆ. ಅವರು ನಕ್ಕು, “ನೋಡಪ್ಪಾ, ಹಳೆಯ ಯಂತ್ರ, ಪಕ್ಕದಲ್ಲೇ ಬ್ಯಾಟರಿ, ಮೇಲೆ ನಮ್ಮೂರ ಬಿಸಿಲು. ತಯಾರಿಸಿದವನು ಬಿಸಿ ತಗ್ಗಿಸಿದರೆ ನಿನ್ನ ಒಳ್ಳೆಯದಕ್ಕೇ ಅಲ್ಲವೆ? ನಿನಗೇ ಬಿಟ್ಟರೆ ನೀನು ಓಟವನ್ನೇ ಕೇಳುವೆ, ಆಮೇಲೆ ಸುಟ್ಟಿತೆಂದು ಅವನನ್ನೇ ಬೈಯುವೆ” ಎಂದರು. ಈ ಮಾತಿನಲ್ಲಿ ಸತ್ಯವಿದೆ. ಗೆಳೆಯನ ಯಂತ್ರದ ಬೆನ್ನು ಮುಟ್ಟಿದ ನಾನು ಅದನ್ನು ಅಲ್ಲಗಳೆಯಲಾರೆ. ಅಪ್‌ಡೇಟುಗಳನ್ನೆಲ್ಲ ತಿರಸ್ಕರಿಸಿರೆಂದೂ ನಾನು ಹೇಳಲಾರೆ. ೨೦೧೮ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಪ್ರಕಟವಾದಾಗ ಲೋಕದ ಬಹುಪಾಲು ಗಣಕಗಳಿಗೆ ತಿದ್ದುಪಡಿ ಬೇಕಾಯಿತು. ಓಟದಲ್ಲಿ ಅಷ್ಟಿಷ್ಟು ನಷ್ಟವಾದರೂ ಹಾಕಿಕೊಳ್ಳುವುದೇ ವಿವೇಕವಾಗಿತ್ತು. ಆದರೆ ಅದೇ ತಿಂಗಳ ೨೨ರಂದು ಇಂಟೆಲ್ ಸಂಸ್ಥೆಯೇ, ಹೊಸ ತಿದ್ದುಪಡಿಯಿಂದ ಕೆಲವು ಯಂತ್ರಗಳು ತಾವಾಗಿಯೇ ಆರಿ ಏಳುತ್ತಿವೆ, ಸದ್ಯಕ್ಕೆ ಅದನ್ನು ಹಂಚುವುದನ್ನು ನಿಲ್ಲಿಸಿರಿ ಎಂದು ಹೇಳಬೇಕಾಯಿತು. ಔಷಧ ಮಾಡುವವರೂ ತಪ್ಪುವುದುಂಟು.

ಔಷಧದ ಮಾತು ಬಂದುದರಿಂದ ಹೇಳುವೆನು. ವೈದ್ಯನು ನಮಗಿಂತ ಹೆಚ್ಚು ಬಲ್ಲವನು. ಅವನು ಕೊಟ್ಟುದನ್ನು ನುಂಗುತ್ತೇವೆ. ಆದರೆ ಒಳ್ಳೆಯ ವೈದ್ಯನು, “ಇದನ್ನು ತೆಗೆದುಕೊಂಡರೆ ಎರಡು ದಿನ ಮಂಪರು ಬರುತ್ತದೆ, ಗಾಡಿ ಹೊಡೆಯಬೇಡ” ಎಂದು ಹೇಳಿಯೇ ಕೊಡುವನು. ನನಗೆ ಬಂದ ಪ್ರಕಟಣೆಯಲ್ಲಿ ಸ್ಥಿರತೆ ಎಂಬ ಒಂದು ಪದವಿತ್ತೇ ಹೊರತು ಮಂಪರಿನ ಸುದ್ದಿ ಇರಲಿಲ್ಲ. ಆಮೇಲೆ ಸಣ್ಣ ಅಕ್ಷರದ ವಿವರವನ್ನೂ ತೆರೆದು ಓದಿದೆ. ಅಲ್ಲಿಯೂ ಬಿಸಿಯ ಮಿತಿಯನ್ನಾಗಲಿ ಓಟವನ್ನಾಗಲಿ ಬದಲಿಸಿದ ಮಾತು ಇರಲಿಲ್ಲ. ಹಿಂದಿನ ಆವೃತ್ತಿಗೆ ಹಿಂದಿರುಗಲು ನೋಡಿದೆ, ಯಂತ್ರ ಒಪ್ಪಲಿಲ್ಲ. ತಯಾರಕರಿಗೆ ಪತ್ರ ಬರೆದೆ. ನಿಮ್ಮ ಯಂತ್ರವು ನಿಗದಿಯಾದ ಗುಣಮಟ್ಟದೊಳಗೇ ಕೆಲಸ ಮಾಡುತ್ತಿದೆ ಎಂದು ಎರಡು ಸಾಲಿನ ಉತ್ತರ ಬಂತು.

ಆ ಉತ್ತರವನ್ನು ಕನ್ನಡದಲ್ಲಿ ತಂದೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಒತ್ತೂ ಮುಂದ ಅದರಾಗ ಏನು ಬರದಿತ್ತು? ಓದಿ ಒತ್ತಿದೇನು, ಹಂಗ ಒತ್ತಿದಿ?”

“ಹಂಗ ಒತ್ತಿದೆ, ಅಪ್ಪಾ.”

ಅವರು ಬೈಯಲಿಲ್ಲ. ಅಜ್ಜನ ಕಥೆಯನ್ನೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ನನ್ನ ವಾದ ಇಷ್ಟೇ. ಹಣ ಕೊಟ್ಟು ಕೊಂಡ ವಸ್ತುವಿನ ಸ್ವಭಾವವನ್ನು ಕೊಂಡ ಮೇಲೆ ದೂರದಿಂದ ಬದಲಿಸಬಲ್ಲ ಶಕ್ತಿ ಈಗ ತಯಾರಕರ ಕೈಯಲ್ಲಿದೆ. ಇಂಥ ಶಕ್ತಿ ನೇಗಿಲು ಮಾರಿದ ಬಡಗಿಗೆ ಎಂದೂ ಇರಲಿಲ್ಲ. ಶಕ್ತಿ ಹೊಸದಾದಾಗ ಅದಕ್ಕೆ ತಕ್ಕ ಮರ್ಯಾದೆಯೂ ಹೊಸದಾಗಿ ಬರಬೇಕು. ಮೊದಲನೆಯದಾಗಿ, ಅಪ್‌ಡೇಟಿನಿಂದ ಬಿಸಿ, ಓಟ, ಬ್ಯಾಟರಿ ಇವುಗಳಲ್ಲಿ ಯಾವುದು ಎಷ್ಟು ಬದಲಾಗುವುದೆಂಬುದನ್ನು ಗುಂಡಿಯ ಪಕ್ಕದಲ್ಲಿಯೇ ದಪ್ಪ ಅಕ್ಷರದಲ್ಲಿ ಹೇಳಬೇಕು. ಕರ್ನಾಟಕದಲ್ಲಿ ಮಾರುವ ಯಂತ್ರದಲ್ಲಿ ಅದು ಕನ್ನಡದಲ್ಲಿಯೂ ಇರಬೇಕು. ಎರಡನೆಯದಾಗಿ, ಕಳ್ಳರನ್ನು ತಡೆಯುವ ತಿದ್ದುಪಡಿಯನ್ನೂ ಬಿಸಿ ಓಟಗಳ ಪಟ್ಟಿಯನ್ನು ಬದಲಿಸುವ ತಿದ್ದುಪಡಿಯನ್ನೂ ಸಾಧ್ಯವಾದಷ್ಟು ಬೇರೆಬೇರೆಯಾಗಿ ಕಳುಹಿಸಬೇಕು. ಒಂದು ಬೇಕಾದವನು ಇನ್ನೊಂದನ್ನೂ ನುಂಗುವಂತೆ ಆಗಬಾರದು. ಮೂರನೆಯದಾಗಿ, ಭದ್ರತೆಗೆ ಧಕ್ಕೆಯಾಗದಿದ್ದಲ್ಲಿ ಹಿಂದಿರುಗುವ ದಾರಿಯನ್ನು ತೆರೆದಿಡಬೇಕು.

ಇದು ದೊಡ್ಡ ಬೇಡಿಕೆಯೆಂದು ನನಗೆ ತೋರದು. ವಸ್ತುವಿನ ಗುಣಮಟ್ಟದ ವಿಷಯದಲ್ಲಿ ತಿಳಿವಳಿಕೆ ಪಡೆಯುವುದು ಗ್ರಾಹಕನ ಹಕ್ಕೆಂದು ನಮ್ಮ ದೇಶದ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯೇ ಹೇಳಿದೆ. ದುರಸ್ತಿಯ ಹಕ್ಕನ್ನು ಕುರಿತು ವಿಚಾರ ಮಾಡಲು ಕೇಂದ್ರ ಸರ್ಕಾರವು ೨೦೨೨ರಲ್ಲಿ ಒಂದು ಸಮಿತಿಯನ್ನೂ ನೇಮಿಸಿತು. ಮೊಳೆ ತಿರುಪಿನ ದುರಸ್ತಿಗೆ ಹಕ್ಕಿದ್ದರೆ, ಮೊಳೆ ಕೀಳದೆ ಆಗುವ ಬದಲಾವಣೆಯನ್ನು ತಿಳಿಯುವ ಹಕ್ಕೂ ಅದರ ಜೊತೆಗೇ ಬರಬೇಕಾದುದು ನ್ಯಾಯ. ಹಣವುಳ್ಳವನು ನಿಧಾನವಾದ ಯಂತ್ರವನ್ನು ಬದಿಗಿಟ್ಟು ಹೊಸದು ತರುವನು. ಹಳೆಯದನ್ನೇ ಕೊಂಡು, ಅದನ್ನೇ ಐದು ಮನೆಗಳವರು ಹಂಚಿಕೊಳ್ಳುವಲ್ಲಿ, ತಗ್ಗಿದ ಒಂದೊಂದು ಮಿಡಿತವೂ ಯಾರದೋ ಅರ್ಜಿ, ಯಾರದೋ ಪಾಠ.

ಬೇಡುವುದರ ಜೊತೆಗೆ ನಾವು ಮಾಡಬೇಕಾದುದೂ ಇದೆ. ಯಂತ್ರ ನಿಧಾನವಾದೊಡನೆ ಎಲ್ಲಕ್ಕೂ ಫರ್ಮ್‌ವೇರನ್ನು ದೂರುವುದು ಸರಿಯಲ್ಲ. ಧೂಳು, ಒಣಗಿದ ಪೇಸ್ಟು, ಅಪ್‌ಡೇಟಾದ ಮರುದಿನ ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳು, ಇವೂ ಕಾರಣವಾಗಬಹುದು. ಅಳೆಯದೆ ದೂರುವವನ ಮಾತನ್ನು ಯಾರೂ ಕೇಳರು. ಮ್ಯಾಕ್‌ಬುಕ್ಕಿನ ಸಂಗತಿಯಲ್ಲಿ ದೊಡ್ಡ ಸಂಸ್ಥೆ ಉತ್ತರ ಕೊಡುವಂತಾದುದು ಮೂವತ್ತೊಂಬತ್ತು, ಮೂವತ್ತೈದು, ಇಪ್ಪತ್ತೇಳು ಎಂಬ ಅಂಕಿಗಳು ಎದುರಿಗೆ ನಿಂತುದರಿಂದ. ಆದುದರಿಂದ ನಮ್ಮ ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕವನ್ನು ಇಡೋಣ. ಅಪ್‌ಡೇಟಿಗೆ ಮುಂಚೆ ಯಂತ್ರದ ಮಾದರಿ, ಫರ್ಮ್‌ವೇರಿನ ಆವೃತ್ತಿ, ಒಂದೇ ಬಗೆಯ ಕೆಲಸಕ್ಕೆ ಹಿಡಿದ ನಿಮಿಷ, ಮಿಡಿತದ ಅಂಕಿ ಇಷ್ಟನ್ನು ಬರೆಯೋಣ. ಆದ ಮೇಲೆ ಎರಡು ದಿನ ಬಿಟ್ಟು ಮತ್ತೆ ಬರೆಯೋಣ. ಇಂಗ್ಲಿಷ್ ವಿಭಾಗದ ಗೆಳೆಯರು ಪ್ರಕಟಣೆಗಳ ಸಣ್ಣ ಅಕ್ಷರವನ್ನು ಓದಿ ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಸೂಚನಾ ಫಲಕಕ್ಕೆ ಹಚ್ಚಲಿ. ಗ್ರಂಥಪಾಲಕರು ಒಪ್ಪಿದರೆ ಮೊದಲ ಎರಡು ಪುಟಗಳನ್ನು ನಾನೂ ನನ್ನ ಸೋಮಾರಿ ಗೆಳೆಯನೂ ತುಂಬಿಕೊಡಲು ಸಿದ್ಧ.

ಈ ಸಂಚಿಕೆ ಓದುಗರ ಕೈ ಸೇರುವ ಹೊತ್ತಿಗೆ ನಾನು ಕಾಲೇಜು ಬಿಟ್ಟಿರುತ್ತೇನೆ. ಪದವಿಯ ಕಾಗದ ಬಂದಾಗ ತಂದೆಯವರು ಅದನ್ನು ಯಾರಿಂದಲಾದರೂ ಪೂರ್ತಿ ಓದಿಸಿ ಕೇಳಿಯೇ ತೀರುವರು. ಅವರಿಗಿರುವ ಆ ಎಚ್ಚರ ಅವರು ಓದಿಸಿದ ನನಗೆ ಏಕಿರಲಿಲ್ಲವೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.